ಮಾತ್ರೆಗೆ ಮೊದಲು ರಕ್ತದ ಕಲ್ಚರ್

ಮಂಗಳೂರಿನಲ್ಲಿ ಜ್ವರ ಬಂದರೆ ಮೊದಲು ಮಲೇರಿಯಾ ನೋಡುತ್ತಾರೆ, ಆಮೇಲೆ ಡೆಂಗಿ, ಮಳೆಗಾಲವಾದರೆ ಇಲಿಜ್ವರ. ಈ ಊರಿಗೆ ಅದು ಸರಿಯಾದ ಕ್ರಮವೇ. ಅಪಾಯ ಇರುವುದು ಮೂರೂ ಅಲ್ಲವೆಂದು ಗೊತ್ತಾದ ಮೇಲೆ, ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ತಂದು ನುಂಗುವುದರಲ್ಲಿ. ಜ್ವರ ಇಳಿಯುತ್ತದೆ, ಕೆಲವು ದಿನ ಕಳೆದು ಮತ್ತೆ ಏರುತ್ತದೆ. ಬಾಲ್ಯದಲ್ಲಿ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಹಾಳಾದವರಲ್ಲಿ, ಕೃತಕ ಕವಾಟ ಹಾಕಿಸಿಕೊಂಡವರಲ್ಲಿ, ಇದು ಕವಾಟದ ಸೋಂಕಾಗಿರಬಹುದು. ವೈದ್ಯರು ಇದನ್ನು ಎಂಡೋಕಾರ್ಡೈಟಿಸ್ ಎನ್ನುತ್ತಾರೆ.

ಹುಳುಕು ಹಲ್ಲು, ಒಸಡಿನಿಂದ ಸ್ಟ್ರೆಪ್ಟೊಕಾಕಸ್, ಚರ್ಮದಿಂದ ಸ್ಟ್ಯಾಫಿಲೊಕಾಕಸ್ ರಕ್ತಕ್ಕೆ ಸೇರಿ ಅಂಥ ಕವಾಟಕ್ಕೆ ಅಂಟಿಕೊಳ್ಳುತ್ತವೆ. ಅಲ್ಲಿ ಬೆಳೆದ ಸೋಂಕಿನ ಮುದ್ದೆಯ ಚೂರೊಂದು ಕಳಚಿ ಮಿದುಳಿಗೆ ಏರಿದರೆ, ಹೆಚ್ಚಾಗಿ ಮಧ್ಯ ಧಮನಿಯ ತುದಿಗವಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ನಾಳದ ಗೋಡೆಯನ್ನು ತಿಂದು ಸಡಿಲಗೊಳಿಸುತ್ತವೆ. ರಕ್ತದೊತ್ತಡಕ್ಕೆ ಅದು ಉಬ್ಬುತ್ತದೆ. ನಾಳದ ಇಂಥ ಉಬ್ಬೇ ಅನ್ಯೂರಿಸಂ. ಸಾಮಾನ್ಯ ಅನ್ಯೂರಿಸಂ ಮಿದುಳಿನ ಬುಡದಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಇರಬಹುದು. ಸೋಂಕಿನಿಂದಾದ ಈ ಉಬ್ಬು ದಿನಗಳಲ್ಲೇ ಬೆಳೆದು ಒಡೆಯಬಲ್ಲದು. ಹೃದಯದ ಸೋಂಕಿಗೂ ನಾಳದ ಈ ಉಬ್ಬಿಗೂ ಇರುವ ನಂಟನ್ನು ವೈದ್ಯ ವಿಲಿಯಂ ಆಸ್ಲರ್ 1885ರಲ್ಲೇ ಲಂಡನ್ನಿನ ಉಪನ್ಯಾಸಗಳಲ್ಲಿ ವಿವರಿಸಿದ್ದರು.

ಕವಾಟದ ತೊಂದರೆ ಇರುವವರಿಗೆ ಬಿಟ್ಟು ಬಿಟ್ಟು ಜ್ವರ ಬಂದರೆ, ಔಷಧ ಶುರುವಾಗುವ ಮೊದಲೇ ಬೇರೆ ಬೇರೆ ಕಡೆಯಿಂದ ರಕ್ತ ತೆಗೆದು ಕಲ್ಚರಿಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಪರೀಕ್ಷೆಗೆ, ಕಳಿಸಬೇಕು. ಕಾಸರಗೋಡಿನಿಂದಲೋ ಚಿಕ್ಕಮಗಳೂರಿನಿಂದಲೋ ಮಂಗಳೂರಿನ ವೆನ್ಲಾಕ್ ಆಸ್ಪತ್ರೆ ತಲುಪುವ ಹೊತ್ತಿಗೆ ಆಂಟಿಬಯೋಟಿಕ್ ಹೊಟ್ಟೆ ಸೇರಿದ್ದರೆ ಕಲ್ಚರಿನಲ್ಲಿ ಏನೂ ಬೆಳೆಯದೇ ಹೋಗಬಹುದು. ಆಗ ಯಾವ ಔಷಧ ಸರಿ ಎಂಬುದು ಊಹೆಯ ಮಾತಾಗುತ್ತದೆ. ಹೃದಯದ ಎಕೋ ಸ್ಕ್ಯಾನಿನಲ್ಲಿ ಕವಾಟ ಸ್ಪಷ್ಟವಾಗದಿದ್ದರೆ ಅನ್ನನಾಳದ ಮೂಲಕ ಮಾಡುವ ಎಕೋ ಇದೆ. ಇಂಥವರಿಗೆ ಹೊಸದಾಗಿ ತಲೆನೋವು, ಫಿಟ್ಸ್, ಕೈಕಾಲಿನ ಬಲಹೀನತೆ, ಮಾತಿನ ತೊದಲು ಕಂಡರೆ ತಡಮಾಡದೆ ಮಿದುಳಿನ ಸಿಟಿ ಆಂಜಿಯೋಗ್ರಾಂ ಮಾಡಿಸಬೇಕು. ತುದಿಗವಲಿನ ಸಣ್ಣ ಉಬ್ಬು ಅದರಲ್ಲಿ ತಪ್ಪಿಹೋಗಬಹುದಾದ್ದರಿಂದ, ತೊಡೆಸಂದಿ ಅಥವಾ ಮಣಿಕಟ್ಟಿನಿಂದ ಕ್ಯಾತಿಟರ್ ಹಾಯಿಸಿ ಮಾಡುವ ಡಿಎಸ್‌ಎ ಪರೀಕ್ಷೆಯೇ ಕೊನೆಯ ಮಾತು.

ಒಡೆಯದ ಉಬ್ಬಿಗೆ ಸಾಮಾನ್ಯವಾಗಿ 4ರಿಂದ 6 ವಾರ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಕೊಡುತ್ತಾರೆ. ನಡುನಡುವೆ ಮತ್ತೆ ಚಿತ್ರ ತೆಗೆಯಲೇಬೇಕು. ಕೆಲವು ಮಾಯವಾಗುತ್ತವೆ, ಕೆಲವು ಔಷಧದ ನಡುವೆಯೇ ದೊಡ್ಡದಾಗುತ್ತವೆ. ಒಡೆದರೆ ಅಥವಾ ಬೆಳೆಯುತ್ತಿದ್ದರೆ ಕ್ಯಾತಿಟರಿನ ಮೂಲಕ ಲೋಹದ ಸುರುಳಿ (ಕಾಯಿಲ್) ಅಥವಾ ಅಂಟುದ್ರವ ತುಂಬಿ ಮುಚ್ಚುತ್ತಾರೆ. ಗೋಡೆ ಪೂರ್ತಿ ಹದಗೆಟ್ಟಿರುವುದರಿಂದ ಎಷ್ಟೋ ಸಲ ಆ ಕವಲನ್ನೇ ಮುಚ್ಚಬೇಕಾಗುತ್ತದೆ. ಅದು ಮಾತಿಗೋ ಕೈಗೋ ರಕ್ತ ಒದಗಿಸುವ ಕವಲಾಗಿದ್ದರೆ ನಿರ್ಧಾರ ಕಷ್ಟ. ರಕ್ತ ಮಿದುಳಲ್ಲಿ ಹೆಪ್ಪುಗಟ್ಟಿ ಒತ್ತುತ್ತಿದ್ದರೆ ತಲೆ ತೆರೆದೇ ಆಪರೇಷನ್.

ಕವಾಟವನ್ನೂ ಬದಲಿಸಬೇಕಾದರೆ ತೊಡಕು ಇನ್ನೂ ಹೆಚ್ಚು. ಹೃದಯದ ಶಸ್ತ್ರಚಿಕಿತ್ಸೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೇಕು, ಅದೇ ಹೆಪಾರಿನ್ ಮಿದುಳಿನ ರಕ್ತಸ್ರಾವವನ್ನು ಹೆಚ್ಚಿಸಬಲ್ಲದು. ಅದಕ್ಕಾಗಿ ಸಾಧ್ಯವಾದಾಗಲೆಲ್ಲ ಮಿದುಳಿನ ಉಬ್ಬನ್ನು ಮೊದಲು ಮುಚ್ಚಿ, ಆಮೇಲೆ ಕವಾಟಕ್ಕೆ ಕೈಹಾಕುತ್ತಾರೆ.