ಹಾರ್ಮೋನಿಯಂ ಕೆಳಗಿಳಿಸಿ



ಜೋಗೇಶ್ವರಿಯ ನಮ್ಮ ಕನ್ನಡ ಮನೆಗಳಲ್ಲಿ ಬೈಪಾಸ್ ಆದವರು ನನ್ನನ್ನು ಕೇಳುವುದು ಊಟ, ಮಾತ್ರೆ, ಲಿಫ್ಟ್ ಇಲ್ಲದ ಮೆಟ್ಟಿಲು, ಲೋಕಲ್ ರೈಲಿನ ನೂಕುನುಗ್ಗಲಿನ ಬಗ್ಗೆ. "ಡಾಕ್ಟ್ರೇ, ಮತ್ತೆ ಭಜನೆಗೆ ಕೂರಬಹುದಾ?" ಎಂದು ಕೇಳುವವರು ಕಡಿಮೆ. ಕೇಳದೆಯೇ ಬಿಟ್ಟುಬಿಟ್ಟಿರುತ್ತಾರೆ. ವರ್ಷ ಕಳೆದರೂ ಹಾರ್ಮೋನಿಯಂ ಅಟ್ಟದ ಮೇಲೆಯೇ.

ಕೊಯ್ದ ಎದೆಮೂಳೆ ಕೂಡಿಕೊಳ್ಳಲು ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ಅಲ್ಲಿಯವರೆಗೆ ಭಾರ ಎತ್ತಬೇಡಿ. ನಿಮ್ಮ ವೈದ್ಯರು ಒಪ್ಪಿದ ಮೇಲೂ ತಡೆಯುವುದು ಎದೆಯಲ್ಲ, ಭಯ. ಹೃದಯಾಘಾತವಾದವರಲ್ಲಿ ಸುಮಾರು ಐವರಲ್ಲೊಬ್ಬರಿಗೆ ಖಿನ್ನತೆ ಕಾಡುತ್ತದೆ. ಅಂಥವರು ಮಾತ್ರೆ, ನಡಿಗೆ ಎರಡನ್ನೂ ತಪ್ಪಿಸುವುದು ಹೆಚ್ಚು. ಹಾಗಾಗಿ ಇದು ಬರೀ ಹವ್ಯಾಸದ ಮಾತಲ್ಲ.

"ಮನಸ್ಸು ಬಂದಾಗ ಶುರು ಮಾಡ್ತೀನಿ" ಎನ್ನಬೇಡಿ. ಮೊದಲು ಕೈ ಆಡಲಿ, ಮನಸ್ಸು ಹಿಂದೆಯೇ ಬರುತ್ತದೆ.

✅ ದಿನಕ್ಕೆ 10 ನಿಮಿಷ ಸಾಕು, ದಿನವೂ ಒಂದೇ ಹೊತ್ತಿಗೆ.
✅ ಚೆನ್ನಾಗಿ ಗೊತ್ತಿರುವ ಒಂದೇ ಹಾಡು, ತಗ್ಗಿನ ಶ್ರುತಿಯಲ್ಲಿ. ಸ್ವರ ತಪ್ಪಿದರೆ ತಪ್ಪಲಿ.
✅ ಹಾಡು ಬಾರದವರಿಗೆ ರಂಗೋಲಿ, ಕಸೂತಿ, ಕಿಟಕಿಯ ಕುಂಡದ ತುಳಸಿ, ಊರಿನ ನೆನಪು ಬರೆಯಲು ಒಂದು ನೋಟ್‌ಬುಕ್.
✅ ಜೊತೆಗೊಬ್ಬರಿರಲಿ. ಮೊಮ್ಮಗಳು ತಾಳ ಹಾಕಲಿ.

⚠️ ಎದೆನೋವು, ಉಸಿರಾಟದ ತೊಂದರೆ ಬಂದರೆ ನಿಲ್ಲಿಸಿ, 108ಕ್ಕೆ ಕರೆ ಮಾಡಿ. ಎರಡು ವಾರ ಕಳೆದರೂ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ವೈದ್ಯರಿಗೆ ಹೇಳಿ. ಅದಕ್ಕೂ ಚಿಕಿತ್ಸೆ ಇದೆ.

ಮನೆಯವರಿಗೊಂದು ಮಾತು: "ಅಪ್ಪಾ, ಆಯಾಸ ಮಾಡ್ಕೋಬೇಡಿ" ಎನ್ನುವ ಬದಲು ಇವತ್ತು ಸಂಜೆ ಹಾರ್ಮೋನಿಯಂ ನೀವೇ ಕೆಳಗಿಳಿಸಿ, ಧೂಳು ಒರೆಸಿ ಅವರ ಮುಂದಿಡಿ.

– ನಿಮ್ಮ ಹೃದ್ರೋಗ ತಜ್ಞ