ಎರಡನೆಯ ಚೀಲದ ಹಾನಿ: ರಂಜಕ ಹೆಚ್ಚಿದಲ್ಲಿ ಸತುವಿನ ಕೊರತೆ

ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಸುರಪುರ, ಶಹಾಪುರ ಸೀಮೆಯ ಎರೆಭೂಮಿಯ ಸ್ವರೂಪವೇ ಬದಲಾಯಿತು. ಜೋಳ, ತೊಗರಿ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾದವು. ಯಾದಗಿರಿ ಭಾಗದಲ್ಲಿಯೂ ನೀರಾವರಿಯುಳ್ಳೆಡೆ ಭತ್ತ ನೆಲೆಯೂರಿತು. ನೀರಿನ ಬೆನ್ನಿಗೇ ಡಿ.ಎ.ಪಿ. ಚೀಲವೂ ಬಂದಿತು. ನಾಟಿಗೆ ಒಂದು ಚೀಲ, ಪೈರು ಮಂಕಾದರೆ ಮತ್ತೊಂದು ಚೀಲ ಎಂಬ ರೂಢಿ ಒಕ್ಕಲುತನದಲ್ಲಿ ಸೇರಿಕೊಂಡಿದೆ. ಈ ಎರಡನೆಯ ಚೀಲದ ಕುರಿತು ವಾಚಕ ಬಂಧುಗಳಲ್ಲಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳಬಯಸುತ್ತೇವೆ.

50 ಕೆ.ಜಿ. ಡಿ.ಎ.ಪಿ.ಯಲ್ಲಿ ಸಾರಜನಕ 9 ಕೆ.ಜಿ., ರಂಜಕಾಂಶ 23 ಕೆ.ಜಿ. ಇರುತ್ತದೆ. ಸಾರಜನಕವು ನೀರಿನೊಡನೆ ಇಳಿದು, ಗಾಳಿಗೆ ಸೇರಿ ಕಳೆದುಹೋಗಬಹುದು, ರಂಜಕ ಹಾಗಲ್ಲ. ಸುಣ್ಣದಂಶವುಳ್ಳ ಎರೆಮಣ್ಣಿನಲ್ಲಿ ಅದರ ಬಹುಪಾಲು ಬಂಧಿತವಾಗಿ ವರ್ಷದಿಂದ ವರ್ಷಕ್ಕೆ ಸಂಚಯವಾಗುತ್ತದೆ. ಇಂಥ ಕ್ಷಾರಗುಣದ ಮಣ್ಣಿನಲ್ಲಿ, ವಿಶೇಷವಾಗಿ ನೀರು ನಿಂತ ಗದ್ದೆಯಲ್ಲಿ, ಸತುವು ಪೈರಿಗೆ ದೊರೆಯುವುದೇ ಕಡಿಮೆ. ಅದರ ಮೇಲೆ ರಂಜಕವೂ ಮಿತಿಮೀರಿದರೆ ಬೇರಿನಿಂದ ಎಲೆಗೆ ಸತುವಿನ ಸಾಗಣೆ ಕುಂಠಿತವಾಗುತ್ತದೆ. ಬೇರಿನೊಡನೆ ಬಾಳಿ ಸತುವನ್ನು ಒದಗಿಸುವ ಶಿಲೀಂಧ್ರಗಳೂ ಕ್ಷೀಣಿಸುತ್ತವೆ.

ನಾಟಿಯಾದ ಎರಡು ಮೂರು ವಾರಗಳಲ್ಲಿ ಎಲೆಗಳ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಮೂಡಿ ಪೈರು ಗಿಡ್ಡಾಗುವುದು ಸತುವಿನ ಕೊರತೆಯ ಲಕ್ಷಣ. ಉತ್ತರ ಭಾರತದಲ್ಲಿ ‘ಖೈರಾ’ ಎಂದು ಕರೆಯುವ ಈ ಬೇನೆಗೆ ಸತುವಿನ ಕೊರತೆಯೇ ಕಾರಣವೆಂದು ಪಂತನಗರದ ವಿಜ್ಞಾನಿ ಡಾ. ವೈ. ಎಲ್. ನೆನೆ ಅವರು 1966ರಲ್ಲಿ ತೋರಿಸಿಕೊಟ್ಟರು. ಇದನ್ನರಿಯದೆ ಮತ್ತೆ ಡಿ.ಎ.ಪಿ. ಎರಚಿದರೆ ಹಣವೂ ವ್ಯರ್ಥ, ಬೇನೆಯೂ ಉಲ್ಬಣ. ಸತುವಿಲ್ಲದ ನೆಲದ ಕಾಳಿನಲ್ಲಿಯೂ ಸತುವು ಕಡಿಮೆ. ಬೆಳೆಯುವ ಮಕ್ಕಳ ದೇಹಕ್ಕೆ ಅದು ಬೇಕೇ ಬೇಕು. ಆದುದರಿಂದ ಇದು ಹೊಲದ ಚಿಂತೆಯಷ್ಟೇ ಅಲ್ಲ, ಅಡುಗೆಮನೆಯ ಚಿಂತೆಯೂ ಹೌದು.

ಪರಿಹಾರ ಕಠಿಣವಲ್ಲ. ಬೇಸಿಗೆಯಲ್ಲಿ, ಗೊಬ್ಬರ ಹಾಕುವ ಮುನ್ನವೇ, ಮಣ್ಣು ಪರೀಕ್ಷೆ ಮಾಡಿಸಬೇಕು. ಒಂದು ಕೆ.ಜಿ. ಮಣ್ಣಿನಲ್ಲಿ ಪೈರಿಗೆ ದೊರೆಯುವ ಸತುವು 0.6 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಕೊರತೆಯೆಂದು ತಿಳಿಯಬೇಕು. ಆಗ ಎಕರೆಗೆ 10 ಕೆ.ಜಿ. ಸತುವಿನ ಸಲ್ಫೇಟನ್ನು ಕೊಡುವುದು ರೂಢಿ. ಅದನ್ನು ಡಿ.ಎ.ಪಿ.ಯೊಡನೆ ಬೆರೆಸದೆ ಪ್ರತ್ಯೇಕವಾಗಿ ಹಾಕಬೇಕು. ರಂಜಕ ಹೇರಳವಾಗಿದ್ದರೆ ಅದರ ಪ್ರಮಾಣ ತಗ್ಗಿಸಬೇಕು, ತಿಪ್ಪೆಗೊಬ್ಬರವನ್ನು ಬಿಡಲಾಗದು.

2009ರಲ್ಲಿ ಆರಂಭವಾದ ‘ಭೂಚೇತನ’ ಯೋಜನೆ ನಾಡಿನ ಮಣ್ಣಿನಲ್ಲಿ ಸತುವು, ಬೋರಾನ್, ಗಂಧಕಗಳ ಕೊರತೆಯನ್ನು ಎತ್ತಿ ತೋರಿಸಿತು. ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯ, ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ನಮಗೆ ಸಮೀಪದಲ್ಲಿಯೇ ಇವೆ. ಎರಡನೆಯ ಚೀಲಕ್ಕೆ ಹಣ ಎಣಿಸುವ ಮೊದಲು ಒಂದು ಹಿಡಿ ಮಣ್ಣನ್ನು ತಜ್ಞರಿಗೆ ತೋರಿಸಿರೆಂಬುದೇ ನಮ್ಮ ಬಿನ್ನಹ.