ಮಲಯದ ‘ರಾಗಿ’ಯೂ ನಮ್ಮ ರಾಗಿಯೂ

ಲೊಕ್ಕನಹಳ್ಳಿಯ ಒಕ್ಕಲುಮನೆಯಲ್ಲಿ ರಾಗಿಯೆಂದರೆ ಹೊಲದಲ್ಲಿ ಬೆಳೆದು, ಹಿಟ್ಟಾಗಿ, ಮುದ್ದೆಯಾಗಿ ತಟ್ಟೆಗೆ ಬರುವ ಧಾನ್ಯ. ಮಲಯ ಭಾಷೆಯಲ್ಲಿಯೂ ‘ರಾಗಿ’ ಎಂಬ ಶಬ್ದವುಂಟು; ಆದರೆ ಅಲ್ಲಿ ಅದು ಹುದುಗು ಬರಿಸುವ ಹೆಪ್ಪು. ಮಲಯ, ಜಾವಾಗಳ ಅಡಿಗೆಗೂ ನಮ್ಮ ಅಡಿಗೆಗೂ ಇರುವ ಸಂಬಂಧವನ್ನು ಹೆಸರುಗಳ ಬಲದಿಂದಲೇ ನಿರ್ಣಯಿಸಹೊರಡುವವರು ಮೊದಲು ಈ ಒಂದು ಶಬ್ದವನ್ನು ಪರೀಕ್ಷಿಸುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಅಲ್ಲಿಯ ‘ರಾಗಿ’ಯು ಅಕ್ಕಿಹಿಟ್ಟಿಗೆ ಸಂಬಾರಗಳನ್ನೂ ಹಳೆಯ ಹೆಪ್ಪಿನ ಪುಡಿಯನ್ನೂ ಕೂಡಿಸಿ ಒಣಗಿಸಿದ ಸಣ್ಣ ಬಿಲ್ಲೆ. ಅದರಿಂದಾಗುವ ಜನಪ್ರಿಯ ತಿನಿಸು ‘ತಪೈ’. ಅಂಟಕ್ಕಿಯನ್ನು ಹಬೆಯಲ್ಲಿ ಬೇಯಿಸಿ, ಚೆನ್ನಾಗಿ ಆರಿಸಿ, ಬಿಲ್ಲೆಯ ಪುಡಿಯನ್ನು ಉದುರಿಸಿ, ಎಲೆಯಲ್ಲಿ ಸುತ್ತಿ ಎರಡು ಮೂರು ದಿನ ಇಡುತ್ತಾರೆ, ಮರಗೆಣಸಿನಿಂದಲೂ ಮಾಡುವುದುಂಟು. ಬಿಲ್ಲೆಯಲ್ಲಿರುವ ಬೂಷ್ಟು ಪಿಷ್ಟವನ್ನು ಒಡೆದು ಸಕ್ಕರೆಯಾಗಿಸುತ್ತದೆ. ಯೀಸ್ಟು ಆ ಸಕ್ಕರೆಯ ಒಂದಂಶವನ್ನು ಮದ್ಯಸಾರವನ್ನಾಗಿ ಮಾರ್ಪಡಿಸುತ್ತದೆ. ಆದುದರಿಂದ ತಪೈ ಸಿಹಿಯೂ ರಸಭರಿತವೂ ಆಗಿದ್ದು, ತುಸು ಅಮಲಿನ ವಾಸನೆಯನ್ನು ಪಡೆಯುತ್ತದೆ. ಅನ್ನವು ಬಿಸಿಯಾಗಿರುವಾಗಲೇ ಪುಡಿ ಬಿದ್ದರೆ ಸೂಕ್ಷ್ಮಜೀವಿಗಳು ಸತ್ತು ಕೆಲಸ ಕೆಡುತ್ತದೆ. ನಮ್ಮ ರಾಗಿಯ ಅಂಬಲಿಯೂ ಹುದುಗುವುದುಂಟಷ್ಟೆ. ಆದರೆ ರಾತ್ರಿಯಿಟ್ಟ ಅಂಬಲಿ ಬೆಳಗಾಗುವಷ್ಟರಲ್ಲಿ ಹುಳಿಯಾಗುವುದು ಮುಖ್ಯವಾಗಿ ಹಾಲನ್ನು ಮೊಸರಾಗಿಸುವ ಜಾತಿಯ ಬ್ಯಾಕ್ಟೀರಿಯಗಳಿಂದ. ಅದಕ್ಕೆ ಬೂಷ್ಟಿನ ಬಿಲ್ಲೆ ಬೇಕಿಲ್ಲ. ಶಬ್ದ ಒಂದೇ, ವಸ್ತುವೂ ಕ್ರಿಯೆಯೂ ಬೇರೆ.

ಇದಕ್ಕೆ ಪ್ರತಿಯಾಗಿ ‘ಪುಟು ಮಾಯಂ’ ಎಂಬುದನ್ನು ನೋಡೋಣ. ತೆಂಗಿನ ತುರಿ, ಬೆಲ್ಲದೊಡನೆ ಮಲಯದಲ್ಲಿ ತಿನ್ನುವ ಇದು ನಮ್ಮ ಒತ್ತುಶ್ಯಾವಿಗೆ, ತಮಿಳರ ಇಡಿಯಪ್ಪವೇ. ಇಲ್ಲಿ ಒರಳೂ ಒತ್ತುವ ಕ್ರಮವೂ ಒಂದೇ. ರಬ್ಬರು ತೋಟಗಳಿಗೆ ವಲಸೆಹೋದ ತಮಿಳರ ಚರಿತ್ರೆಯೂ ಸಾಕ್ಷಿಯಾಗಿ ನಿಲ್ಲುತ್ತದೆ. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ಸೀಮೆಯವರಿಗೆ ಇದು ಅಪರಿಚಿತ ತಿನಿಸೇನಲ್ಲ.

ಕಷ್ಟವಿರುವುದು ಇಡ್ಲಿಯ ವಿಷಯದಲ್ಲಿ. ಆಹಾರ ಚರಿತ್ರೆಯ ಪ್ರಸಿದ್ಧ ವಿದ್ವಾಂಸರಾದ ಕೆ. ಟಿ. ಅಚ್ಚಯ್ಯನವರು (1923–2002) ಹುಟ್ಟಿದುದು ಈ ಕೊಳ್ಳೇಗಾಲದಲ್ಲಿಯೇ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ಯ ಹೆಸರಿದೆ, 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಮಜ್ಜಿಗೆಯಲ್ಲಿ ನೆನೆಸಿ ಅರೆದ ಉದ್ದಿನ ಪಾಕವಿದೆ. ಆದರೆ ಈ ಹಳೆಯ ಉಲ್ಲೇಖಗಳಲ್ಲಿ ಅಕ್ಕಿತರಿಯಾಗಲಿ, ದೀರ್ಘಕಾಲದ ಹುದುಗಾಗಲಿ, ಹಬೆಯಾಗಲಿ ಕಾಣದೆಂದು ಅಚ್ಚಯ್ಯನವರು ತೋರಿಸಿ, ಇವು ಇಂಡೊನೇಷ್ಯದ ಹಿಂದೂ ಅರಸರ ಬಾಣಸಿಗರ ಮೂಲಕ ಬಂದಿರಬಹುದೆಂದು ಊಹಿಸಿದರು. ಊಹೆ ಆಕರ್ಷಕವಾದುದು, ಆದರೆ ಪುಟು ಮಾಯಂಗೆ ದೊರೆತಂತಹ ಸಾಕ್ಷ್ಯ ಇದಕ್ಕಿಲ್ಲ. ಗ್ರಂಥದಲ್ಲಿ ಹೇಳದಿರುವುದೆಲ್ಲ ಮನೆಯಲ್ಲಿ ಇರಲಿಲ್ಲವೆನ್ನಲಾಗದು. ‘ವಡ್ಡಾರಾಧನೆ’ಯಂತೂ ಕಥಾಗ್ರಂಥ, ಪಾಕಶಾಸ್ತ್ರವಲ್ಲ. ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ಹಬೆಯಲ್ಲಿ ಬೇಯಿಸುವುದಕ್ಕೆ ಬೇರೆ ದೇಶದಿಂದ ಪಾತ್ರೆ ತರಿಸಬೇಕಾಗಿಯೂ ಇಲ್ಲ. ಅಕ್ಕಿಯನ್ನೂ ಬೇಳೆಯನ್ನೂ ಕೂಡಿಸಿ ಹುದುಗಿಸಿದ ತಿನಿಸೊಂದು ಪ್ರಾಚೀನ ಜಾವಾದ ಶಾಸನದಲ್ಲಿಯೋ ಕಾವ್ಯದಲ್ಲಿಯೋ ದೊರೆತರೆ ಅಚ್ಚಯ್ಯನವರ ಪಕ್ಷಕ್ಕೆ ಬಲ ಬಂದೀತು.